ಬಲೂನಿನಿಂದ ರಾಕೆಟ್ ಹಾರಿಸಿ ಉಪಗ್ರಹವನ್ನು ಕಕ್ಷೆಗೆ ಸೇರಿಸಬಹುದೇ?

ಪ್ರಶ್ನೆ: ನಾನು ಮೈಸೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ವಿಭಾಗದ ಅಂತಿಮ ವರ್ಷದ ವಿದ್ಯಾರ್ಥಿ. ಊರು ಪಾಂಡವಪುರ ತಾಲ್ಲೂಕು. ನಾವು ಐವರು ಸ್ನೇಹಿತರು ಸೇರಿ ಸುಮಾರು 60 ಕೆ.ಜಿ. ತೂಕದ ಮೂರು ಹಂತಗಳ ರಾಕೆಟ್ಟನ್ನು ಹನ್ನೆರಡು ರಬ್ಬರ್ ಬಲೂನುಗಳಿಗೆ ಕಟ್ಟಿ 30 ಕಿ.ಮೀ. ಎತ್ತರಕ್ಕೆ ಏರಿಸಿ, ಅಲ್ಲಿಂದ ಹೊತ್ತಿಸಿ 1 ಕೆ.ಜಿ. ಉಪಗ್ರಹವನ್ನು ಕಕ್ಷೆಗೆ ಸೇರಿಸುವ ಯೋಜನೆ ಹಾಕಿದ್ದೇವೆ. ಬಾಹ್ಯಾಕಾಶ 100 ಕಿ.ಮೀ.ಗೆ ಶುರುವಾಗುವುದರಿಂದ ಬಲೂನೇ ಮೂರನೇ ಒಂದು ಭಾಗ ದಾರಿ ಕ್ರಮಿಸಿಬಿಡುತ್ತದೆ, ಮೇಲೆ ಗುರುತ್ವವೂ ಗಾಳಿಯೂ ಕಡಿಮೆ, ಹಾಗಾಗಿ ಇಂಧನ ಹತ್ತನೇ ಒಂದು ಭಾಗ ಸಾಕೆಂದು ಓದಿದ್ದೇವೆ. ಇಂಧನಕ್ಕೆ ಸಕ್ಕರೆ ಮತ್ತು ಪೊಟ್ಯಾಸಿಯಂ ನೈಟ್ರೇಟ್ ಮಿಶ್ರಣ. ಮಂಡ್ಯದವರಿಗೆ ಸಕ್ಕರೆಗೆ ಬರವಿಲ್ಲ. ಸೋದರಮಾವನವರು ತಮ್ಮ ಆಲೆಮನೆಯನ್ನೂ ಗದ್ದೆಯನ್ನೂ ಬಿಟ್ಟುಕೊಡುತ್ತಾರೆ, ಸ್ವಲ್ಪ ಹಣವನ್ನೂ ಹಾಕುತ್ತೇನೆ ಎನ್ನುತ್ತಿದ್ದಾರೆ. ಟಿಪ್ಪುವಿನ ಕಾಲದಲ್ಲಿ ರಾಕೆಟ್ ಹಾರಿದ ನೆಲ ನಮ್ಮದು. ಇದು ಸಾಧ್ಯವೇ? ಯಾರ ಅನುಮತಿ ಬೇಕು? ಸಾಧ್ಯವಿಲ್ಲವಾದರೆ ನಾವು ಏನು ಮಾಡಬಹುದು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಕಾಣುತ್ತವೆ. ಲೆಕ್ಕ ಎಲ್ಲೋ ತಪ್ಪಿರಬಹುದೆಂಬ ಅನುಮಾನ ಮೊದಲನೆಯದು. ಮಾವನವರ ದುಡ್ಡು ಇದರಲ್ಲಿ ಸಿಕ್ಕಿಕೊಳ್ಳುತ್ತದೆಂಬ ಅಳುಕು ಎರಡನೆಯದು. ಎರಡೂ ನ್ಯಾಯವಾದವು. ಘನ ಇಂಧನದ ಮೋಟಾರುಗಳು ಮತ್ತು ಅವುಗಳನ್ನು ಹೊತ್ತಿಸುವ ವ್ಯವಸ್ಥೆಗಳ ಪರೀಕ್ಷೆಯಲ್ಲಿಯೇ ವೃತ್ತಿಜೀವನ ಕಳೆದವನಾಗಿ ನೇರವಾಗಿ ಹೇಳುತ್ತೇನೆ: ನೀವು ವಿವರಿಸಿರುವ ರಾಕೆಟ್ ಕಕ್ಷೆ ಸೇರುವುದಿಲ್ಲ, ಅದನ್ನು ಎಷ್ಟು ಚೆನ್ನಾಗಿ ತಯಾರಿಸಿದರೂ ಸೇರುವುದಿಲ್ಲ. ಆದರೆ ಬಲೂನಿನಿಂದ ರಾಕೆಟ್ ಹಾರಿಸುವ ವಿಚಾರವೇ ಹುಚ್ಚುತನ ಎಂದು ಯಾರಾದರೂ ನಿಮಗೆ ಹೇಳಿದ್ದರೆ ಅದೂ ಸರಿಯಲ್ಲ. ಅದು ಯಾವ ಕೆಲಸಕ್ಕೆ ಬರುತ್ತದೆ, ಯಾವುದಕ್ಕೆ ಬರುವುದಿಲ್ಲ ಎಂಬುದನ್ನು ಬಿಡಿಸಿ ನೋಡಬೇಕು.

ಮೊದಲು ಗುರುತ್ವದ ವಿಷಯ. 30 ಕಿ.ಮೀ. ಎತ್ತರದಲ್ಲಿ ಗುರುತ್ವ ಕಡಿಮೆಯಾಗುವುದು ನಿಜ, ಆದರೆ ಆ ಇಳಿಕೆ ಶೇ. 1ರಷ್ಟೂ ಇಲ್ಲ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುತ್ತುವ 400 ಕಿ.ಮೀ. ಎತ್ತರದಲ್ಲಿಯೂ ನೆಲದ ಗುರುತ್ವದ ಶೇ. 89ರಷ್ಟು ಉಳಿದಿರುತ್ತದೆ. ಅಲ್ಲಿರುವವರು ತೇಲುವುದು ಗುರುತ್ವ ಇಲ್ಲದ್ದರಿಂದಲ್ಲ. ನಿಲ್ದಾಣವೂ ಅವರೂ ಒಟ್ಟಿಗೆ ಭೂಮಿಯ ಕಡೆಗೆ ಬೀಳುತ್ತಲೇ, ಅಡ್ಡಲಾಗಿ ಭಾರಿ ವೇಗದಲ್ಲಿ ಸಾಗುತ್ತಿರುವುದರಿಂದ ನೆಲ ತಾಕದೆ ಸುತ್ತುತ್ತಾರೆ. ಕಕ್ಷೆ ಎಂದರೆ ಈ ಅಡ್ಡ ವೇಗವೇ, ಸೆಕೆಂಡಿಗೆ ಸುಮಾರು 7.8 ಕಿ.ಮೀ. ಇದನ್ನು ಶಕ್ತಿಯ ಲೆಕ್ಕದಲ್ಲಿ ನೋಡಿದರೆ ನಿಮ್ಮ ‘ಮೂರನೇ ಒಂದು ಭಾಗ ದಾರಿ’ಯ ನಿಜವಾದ ಬೆಲೆ ತಿಳಿಯುತ್ತದೆ. ಒಂದು ಕೆ.ಜಿ. ವಸ್ತುವನ್ನು 30 ಕಿ.ಮೀ. ಎತ್ತಲು ಸುಮಾರು 3 ಲಕ್ಷ ಜೂಲ್ ಬೇಕು. ಅದೇ ಒಂದು ಕೆ.ಜಿ.ಗೆ ಕಕ್ಷೆಯ ವೇಗ ಕೊಡಲು ಬೇಕಾಗುವುದು ಸುಮಾರು 3 ಕೋಟಿ ಜೂಲ್. ಬಲೂನು ಮಾಡಿಕೊಡುವುದು ನೂರರಲ್ಲಿ ಒಂದು ಪಾಲಿನ ಕೆಲಸ. ಉಳಿದ ತೊಂಬತ್ತೊಂಬತ್ತು ಪಾಲು ರಾಕೆಟ್ಟಿನ ಹೆಗಲ ಮೇಲೆಯೇ ಉಳಿಯುತ್ತದೆ.

ಹಾಗಾದರೆ ಬಲೂನಿನಿಂದ ಲಾಭವೇ ಇಲ್ಲವೇ ಎಂದರೆ, ಇದೆ; ಅದು ಎತ್ತರದಿಂದಲ್ಲ, ಗಾಳಿ ತೆಳುವಾಗಿರುವುದರಿಂದ ಬರುತ್ತದೆ. 30 ಕಿ.ಮೀ. ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಶೇ. 1.5ರಷ್ಟು ಮಾತ್ರ. ಹಾಗಾಗಿ ಗಾಳಿಯ ಎಳೆತದಿಂದಾಗುವ ನಷ್ಟ ಬಹುಮಟ್ಟಿಗೆ ತಪ್ಪುತ್ತದೆ. ಚಿಕ್ಕ ರಾಕೆಟ್ಟುಗಳಿಗೆ ತೂಕಕ್ಕೆ ಹೋಲಿಸಿದರೆ ಮೈ ಹೆಚ್ಚು, ಎಳೆತದ ಪೆಟ್ಟೂ ಅವಕ್ಕೇ ಹೆಚ್ಚು. ಆದ್ದರಿಂದ ಈ ಲಾಭವೂ ಅವಕ್ಕೇ ಹೆಚ್ಚು. ಇನ್ನೊಂದು ಲಾಭ ನಾಜಲ್‌ನದು, ಎಂದರೆ ಉರಿದ ಅನಿಲ ಹೊರಚಿಮ್ಮುವ ಬಾಯಿಯದು. ನೆಲದ ಮೇಲೆ ಹೊರಗಿನ ವಾಯುಭಾರ ಎದುರೊತ್ತುವುದರಿಂದ ಮೊದಲ ಹಂತಕ್ಕೆ ಅಗಲವಾದ ನಾಜಲ್ ಹಾಕಲಾಗುವುದಿಲ್ಲ. ಮೇಲೆ ಹೋದರೆ ಮೊದಲ ಹಂತಕ್ಕೂ ದೊಡ್ಡ ಬಾಯಿಯ ನಾಜಲ್ ಕೊಟ್ಟು ಅದೇ ಇಂಧನದಿಂದ ಹೆಚ್ಚು ನೂಕುಬಲ ತೆಗೆಯಬಹುದು. ನೆಲದಿಂದ ಹಾರುವ ರಾಕೆಟ್ಟಿಗೆ ಈ ಎಲ್ಲ ನಷ್ಟಗಳೂ ಸೇರಿ ಸೆಕೆಂಡಿಗೆ ಸುಮಾರು 9.4 ಕಿ.ಮೀ. ವೇಗಕ್ಕೆ ಸಮನಾದ ಸಾಮರ್ಥ್ಯ ಬೇಕಾದರೆ, ಬಲೂನಿನಿಂದ ಹಾರುವುದಕ್ಕೆ ಅದರಲ್ಲಿ ಅರ್ಧದಿಂದ ಒಂದು ಕಿ.ಮೀ.ಯಷ್ಟು ಉಳಿತಾಯವಾಗಬಹುದು. ರಾಕೆಟ್ ಸಮೀಕರಣ ಘಾತೀಯವಾದದ್ದರಿಂದ, ಎಂದರೆ ಬೇಕಾದ ವೇಗ ಸ್ವಲ್ಪ ಹೆಚ್ಚಿದರೂ ತೂಕ ಬಹಳ ಏರುವುದರಿಂದ, ಈ ಸಣ್ಣ ಉಳಿತಾಯವೂ ಒಟ್ಟು ತೂಕದಲ್ಲಿ ಶೇ. 15ರಿಂದ 30ರಷ್ಟು ಇಳಿಕೆ ತರುತ್ತದೆ. ಇದು ಕಡೆಗಣಿಸುವಂಥದ್ದಲ್ಲ. ಆದರೆ ನೀವು ಓದಿದ ‘ಹತ್ತನೇ ಒಂದು ಭಾಗ ಇಂಧನ’ಕ್ಕೂ ಇದಕ್ಕೂ ಅಜಗಜಾಂತರ.

ಈಗ ಸಕ್ಕರೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ಯೋಜನೆ ಮುರಿದು ಬೀಳುವುದು ನಿಜವಾಗಿ ಇಲ್ಲಿ. ಇಂಧನದ ದಕ್ಷತೆಯನ್ನು ನಾವು ವಿಶಿಷ್ಟ ಆವೇಗ ಎಂಬ ಅಳತೆಯಲ್ಲಿ, ಸೆಕೆಂಡುಗಳಲ್ಲಿ ಹೇಳುತ್ತೇವೆ; ಅದು ಹೆಚ್ಚಿದ್ದಷ್ಟೂ ಒಳ್ಳೆಯದು. ಉಪಗ್ರಹ ವಾಹಕಗಳ ಘನ ಇಂಧನಕ್ಕೆ ಅದು ಮೇಲ್ಪದರದಲ್ಲಿ 280 ಸೆಕೆಂಡಿನ ಆಸುಪಾಸಿನಲ್ಲಿರುತ್ತದೆ; ಸಕ್ಕರೆಯ ಮಿಶ್ರಣಕ್ಕೆ ವಾಸ್ತವದಲ್ಲಿ 130 ಸೆಕೆಂಡಿನ ಸುತ್ತಮುತ್ತ. ಎಂದರೆ ಅನಿಲ ಹೊರಬರುವ ವೇಗ ಸೆಕೆಂಡಿಗೆ 1.3 ಕಿ.ಮೀ.ಯಷ್ಟೇ. ಒಂದು ಹಂತದ ತೂಕದಲ್ಲಿ ನೂರಕ್ಕೆ ಎಂಬತ್ತು ಪಾಲು ಇಂಧನ, ಇಪ್ಪತ್ತು ಪಾಲು ಕೊಳವೆ, ನಾಜಲ್ ಇತ್ಯಾದಿ ಎಂದುಕೊಳ್ಳೋಣ. ಕಾಲೇಜಿನ ವರ್ಕ್‌ಶಾಪಿನಲ್ಲಿ ತಯಾರಾಗುವ ಮೋಟಾರಿಗೆ ಇದು ಧಾರಾಳವಾದ ಅಂದಾಜು. ಅಂಥ ಹಂತ ತನ್ನ ಮೇಲೆ ಏನನ್ನೂ ಹೊರದೆ ಒಂಟಿಯಾಗಿ ಹಾರಿದರೂ ಸೆಕೆಂಡಿಗೆ 2 ಕಿ.ಮೀ.ಗಿಂತ ಹೆಚ್ಚು ವೇಗ ಪಡೆಯುವುದು ಕಷ್ಟ. ಮೂರು ಹಂತಗಳನ್ನು ಪೇರಿಸಿದರೆ, ಉಪಗ್ರಹವನ್ನೇ ಕೈಬಿಟ್ಟರೂ, ಕಾಗದದ ಮೇಲೆ ಸಿಗುವ ಗರಿಷ್ಠ ವೇಗ ಸೆಕೆಂಡಿಗೆ 6 ಕಿ.ಮೀ. ನಿಮಗೆ ಬೇಕಾದದ್ದು ಎಂಟೂವರೆಯ ಆಸುಪಾಸು. ಬಲೂನನ್ನು 30ರ ಬದಲು 40 ಕಿ.ಮೀ.ಗೆ ಏರಿಸಿದರೂ ಈ ಕೊರತೆ ತುಂಬುವುದಿಲ್ಲ. ಇದನ್ನು ನಿಮ್ಮ ಮಾರ್ಗದರ್ಶಕರ ಮುಂದೆ ಅರ್ಧ ಪುಟದಲ್ಲಿ ಬರೆದು ತೋರಿಸಬಹುದು. ಮೊದಲ ವಾರದಲ್ಲಿಯೇ ಯಾರಾದರೂ ಇದನ್ನು ಬರೆಸಬೇಕಿತ್ತು.

ಈ ಮಿಶ್ರಣವನ್ನು ಆಲೆಮನೆಯಲ್ಲಿ ತಯಾರಿಸುವ ಮಾತಂತೂ ಇವತ್ತೇ ಬಿಡಿ. ಬೆಲ್ಲದ ಕೊಪ್ಪರಿಗೆಯನ್ನು ಮೈಯೆಲ್ಲ ಕಣ್ಣಾಗಿ ನೋಡಿಕೊಳ್ಳುವ ನಿಮ್ಮ ಮಾವನವರಿಗೆ ಪಾಕ ಸೀದರೆ ಏನಾಗುತ್ತದೆಂದು ಗೊತ್ತು. ಆದರೆ ಬೆಲ್ಲದ ಪಾಕಕ್ಕೆ ಉರಿಯಲು ಹೊರಗಿನ ಗಾಳಿ ಬೇಕು, ಈ ಮಿಶ್ರಣಕ್ಕೆ ಬೇಡ, ಆಮ್ಲಜನಕ ಅದರೊಳಗೇ ಇರುತ್ತದೆ. ಒಮ್ಮೆ ಹೊತ್ತಿದರೆ ನೀರು ಹಾಕಿ ಆರಿಸುವಷ್ಟು ಪುರುಸೊತ್ತು ಕೊಡುವುದಿಲ್ಲ. ಹತ್ತಿರದಲ್ಲಿ ಒಲೆ, ಸುತ್ತಲೂ ಒಣಗಿದ ಕಬ್ಬಿನ ಸಿಪ್ಪೆಯ ರಾಶಿ ಇರುವ ಜಾಗಕ್ಕಿಂತ ಕೆಟ್ಟ ಜಾಗವನ್ನು ಹುಡುಕುವುದು ಕಷ್ಟ. ರಾಕೆಟ್ ಇಂಧನದ ತಯಾರಿಕೆಗೆ 1884ರ ಸ್ಫೋಟಕ ಕಾಯ್ದೆ ಮತ್ತು 2008ರ ಸ್ಫೋಟಕ ನಿಯಮಗಳು ಅನ್ವಯಿಸುತ್ತವೆ. ಪರವಾನಗಿ ಕೊಡುವುದು ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಸೊ, ಎಂದರೆ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ.

ಸರಿಯಾದ ಇಂಧನವೇ ಸಿಕ್ಕಿತು ಎಂದುಕೊಳ್ಳೋಣ. ಆಗ ರಾಕೆಟ್ ಎಷ್ಟು ತೂಗಬೇಕು? ಇದಕ್ಕೆ ಜಪಾನಿನ ಎಸ್‌ಎಸ್-520-5 ಒಳ್ಳೆಯ ಅಳತೆಗೋಲು. 2018ರ ಫೆಬ್ರವರಿಯಲ್ಲಿ ಸುಮಾರು 3 ಕೆ.ಜಿ. ಉಪಗ್ರಹವನ್ನು ಕಕ್ಷೆಗೆ ಸೇರಿಸಿದ ಈ ರಾಕೆಟ್, ಕಕ್ಷೆ ಮುಟ್ಟಿದ ವಾಹಕಗಳಲ್ಲೆಲ್ಲ ಅತ್ಯಂತ ಚಿಕ್ಕದು. ಉದ್ದ ಒಂಬತ್ತೂವರೆ ಮೀಟರ್, ತೂಕ 2.6 ಟನ್. ಬಲೂನಿನ ಉಳಿತಾಯವನ್ನು ಉದಾರವಾಗಿ ಲೆಕ್ಕ ಹಿಡಿದರೂ ಎರಡು ಟನ್ನಿನ ಆಸುಪಾಸಿಗೆ ಇಳಿಯಬಹುದೇ ಹೊರತು 60 ಕೆ.ಜಿ.ಗಲ್ಲ. ಎರಡು ಟನ್ನಿನ ರಾಕೆಟ್, ಅದನ್ನು ಹಿಡಿದು ಓರೆಯಾಗಿ ನಿಲ್ಲಿಸುವ ಚೌಕಟ್ಟು, ತುರ್ತಿಗೆ ಪ್ಯಾರಾಶೂಟ್, ಬಲೂನಿನ ಪ್ಲಾಸ್ಟಿಕ್ಕಿನದೇ ತೂಕ, ಎಲ್ಲ ಸೇರಿ ನಾಲ್ಕು ಟನ್ ಎಂದಿಟ್ಟುಕೊಂಡರೆ, 30 ಕಿ.ಮೀ. ಎತ್ತರದಲ್ಲಿ ಒಂದು ಘನ ಮೀಟರ್ ಹೀಲಿಯಂ ಎತ್ತುವುದು ಹದಿನೈದು ಹದಿನಾರು ಗ್ರಾಂ ಮಾತ್ರವಾದ್ದರಿಂದ, ಎರಡೂವರೆ ಲಕ್ಷ ಘನ ಮೀಟರ್ ಗಾತ್ರದ ಬಲೂನು ಬೇಕು. ನೆಲದಲ್ಲಿ ತುಂಬಬೇಕಾದ ಅನಿಲ ನಾಲ್ಕು ಸಾವಿರ ಘನ ಮೀಟರಿಗೂ ಹೆಚ್ಚು. ಮಾರುಕಟ್ಟೆಯಲ್ಲಿ ಸಿಗುವ ದೊಡ್ಡ ಸಿಲಿಂಡರಿನಲ್ಲಿ ಏಳು ಘನ ಮೀಟರ್ ಹಿಡಿಯುತ್ತದೆ; ಎಂದರೆ ಸುಮಾರು ಆರು ನೂರು ಸಿಲಿಂಡರು, ಅದೂ ನಾವು ಹೊರದೇಶದಿಂದ ತರಿಸಿಕೊಳ್ಳುವ ಹೀಲಿಯಂ. ಹೈಡ್ರೋಜನ್ ಅಗ್ಗ, ಸ್ವಲ್ಪ ಹೆಚ್ಚೇ ಎತ್ತುತ್ತದೆ; ಆದರೆ ಟನ್ನುಗಟ್ಟಲೆ ರಾಕೆಟ್ ಇಂಧನದ ನೆತ್ತಿಯ ಮೇಲೆ ಅಷ್ಟು ಹೈಡ್ರೋಜನ್ ತುಂಬಿಸಲು ನಾನಂತೂ ಸಹಿ ಹಾಕಲಾರೆ. ಅಮೆರಿಕದ ನಾಸಾ 30 ಕಿ.ಮೀ.ಗಿಂತಲೂ ಮೇಲೆ ಹಾರಿಸುವ ಹನ್ನೊಂದು ಲಕ್ಷ ಘನ ಮೀಟರಿನ ದೈತ್ಯ ಬಲೂನುಗಳು ಹೊರುವುದೂ ಮೂರೂವರೆ ಟನ್ನಿನ ಸುತ್ತಮುತ್ತ. ಹಾಗಾಗಿ ಅತ್ಯಂತ ಚಿಕ್ಕ ಉಪಗ್ರಹ ವಾಹಕವೇ ದೈತ್ಯ ಬಲೂನಿಗೆ ಹೆಚ್ಚುಕಡಿಮೆ ಪೂರಾ ಹೊರೆಯಾಗುತ್ತದೆ. ಹತ್ತು ಕೆ.ಜಿ.ಯಿಂದ ನೂರು ಕೆ.ಜಿ.ಗೆ ಉಪಗ್ರಹ ಬೆಳೆಯಲಿ ಎಂದರೆ ಬಲೂನು ಅದರ ಜೊತೆಗೆ ಬೆಳೆಯಲಾರದು. ಹೂಡಿಕೆದಾರರು ಈ ದಾರಿಯಿಂದ ದೂರ ಸರಿದದ್ದಕ್ಕೆ ಇದೊಂದು ದೊಡ್ಡ ಕಾರಣವೆಂದು ನನ್ನ ಅಭಿಪ್ರಾಯ.

ಹನ್ನೆರಡು ರಬ್ಬರ್ ಬಲೂನುಗಳ ಗೊಂಚಲಿನ ಬಗ್ಗೆ ಒಂದು ಮಾತು. ರಬ್ಬರ್ ಬಲೂನು ಮೇಲೇರಿದಂತೆ ಹಿಗ್ಗುತ್ತಾ ಹೋಗಿ ಒಡೆಯುವುದಕ್ಕೇ ತಯಾರಾದದ್ದು. ಹನ್ನೆರಡೂ ಒಂದೇ ಎತ್ತರದಲ್ಲಿ ಒಡೆಯುವುದಿಲ್ಲ. ಮೊದಲನೆಯದು ಒಡೆದಾಗ ಅದರ ಚೂರುಗಳು ಪಕ್ಕದವುಗಳ ಹಗ್ಗಕ್ಕೆ ಸುತ್ತಿಕೊಳ್ಳುತ್ತವೆ, ಗೊಂಚಲು ಒಂದು ಕಡೆಗೆ ವಾಲುತ್ತದೆ, ಆ ಹೊತ್ತಿಗೆ ನಿಮ್ಮ ರಾಕೆಟ್ ಎತ್ತ ಮುಖ ಮಾಡಿರುತ್ತದೆಂದು ಹೇಳಲಾಗದು.

ಇಷ್ಟೆಲ್ಲ ಹೇಳಿದ ಮೇಲೆ, ಈ ವಿಧಾನ ಎಲ್ಲಿ ಗೆದ್ದಿತು ಎಂಬುದನ್ನೂ ಹೇಳಬೇಕು. 1952ರಲ್ಲಿ ಅಮೆರಿಕದ ಭೌತವಿಜ್ಞಾನಿ ಜೇಮ್ಸ್ ವ್ಯಾನ್ ಆಲೆನ್ ಮತ್ತು ಸಂಗಡಿಗರು ಗ್ರೀನ್‌ಲೆಂಡ್ ಬಳಿಯ ಸಮುದ್ರದಲ್ಲಿ ಕರಾವಳಿ ಕಾವಲು ಪಡೆಯ ಹಡಗಿನಿಂದ ಬಲೂನುಗಳನ್ನು ಬಿಟ್ಟು, ಅವುಗಳ ಕೆಳಗೆ ತೂಗುಹಾಕಿದ ಚಿಕ್ಕ ಡೀಕನ್ ರಾಕೆಟ್ಟುಗಳನ್ನು ಮೇಲೆ ಹೊತ್ತಿಸಿದರು. ಇವಕ್ಕೆ ರಾಕೂನ್ ಎಂದು ಹೆಸರು. ಅವರಿಗೆ ಕಕ್ಷೆ ಬೇಕಿರಲಿಲ್ಲ, ವಿಶ್ವಕಿರಣಗಳನ್ನು ಅಳೆಯಲು ಕೆಲವು ನಿಮಿಷಗಳ ಎತ್ತರ ಸಾಕಿತ್ತು. ನೇರವಾಗಿ ಮೇಲೆ ಹೋಗಿ ಕೆಳಗೆ ಬೀಳುವ ರಾಕೆಟ್ಟಿಗೆ ತೆಳು ಗಾಳಿಯ ಲಾಭ ಪೂರ್ತಿ ದಕ್ಕುತ್ತದೆ, ದಿಕ್ಕು ಸ್ವಲ್ಪ ತಪ್ಪಿದರೂ ಅಳತೆ ಕೆಡುವುದಿಲ್ಲ, ಬಿದ್ದರೆ ಸಮುದ್ರ. ಹಡಗನ್ನು ಗಾಳಿಯ ಜೊತೆಗೇ ಅದೇ ವೇಗದಲ್ಲಿ ಓಡಿಸಿದರೆ ಡೆಕ್ಕಿನ ಮೇಲೆ ಗಾಳಿಯೇ ಇಲ್ಲದಂತಾಗಿ ಬಲೂನು ತುಂಬುವುದೂ ಸುಲಭ. ಇದೇ ಸರಣಿಯ ಹಾರಾಟಗಳಲ್ಲಿ ಧ್ರುವಪ್ರಭೆಯ ವಲಯದ ವಿಕಿರಣ ಪತ್ತೆಯಾಯಿತು. 1957ರಲ್ಲಿ ಅಮೆರಿಕದ ವಾಯುಪಡೆ ಫಾರ್‌ಸೈಡ್ ಎಂಬ ಯೋಜನೆಯಲ್ಲಿ ಪೆಸಿಫಿಕ್‌ನ ಎನಿವೆಟಾಕ್ ದ್ವೀಪದಿಂದ ನಾಲ್ಕು ಹಂತಗಳ ಘನ ಇಂಧನ ರಾಕೆಟ್ಟುಗಳನ್ನು ಬಲೂನಿನಿಂದ ಹಾರಿಸಿ ಸಾವಿರಾರು ಕಿ.ಮೀ. ಎತ್ತರಕ್ಕೆ ಕಳಿಸಿತು, ಅವೂ ನೇರ ಮೇಲಕ್ಕೇ. ಸ್ಪೇನಿನ ಝೀರೋ 2 ಇನ್‌ಫಿನಿಟಿ ಎಂಬ ಸಂಸ್ಥೆ ಉಪಗ್ರಹಗಳಿಗಾಗಿಯೇ ಬ್ಲೂಸ್ಟಾರ್ ಎಂಬ ಯೋಜನೆ ರೂಪಿಸಿ, 2017ರಲ್ಲಿ ಸುಮಾರು 25 ಕಿ.ಮೀ. ಎತ್ತರದಲ್ಲಿ ಸಣ್ಣ ಮಾದರಿಯೊಂದನ್ನು ಹೊತ್ತಿಸಿ ತೋರಿಸಿತು. ಆದರೆ ಬಲೂನಿನಿಂದ ಹೊರಟ ರಾಕೆಟ್ ಒಂದೂ ಇದುವರೆಗೆ ಉಪಗ್ರಹವನ್ನು ಕಕ್ಷೆಗೆ ಸೇರಿಸಿಲ್ಲ.

ವ್ಯಾನ್ ಆಲೆನ್ ಅವರ ಮೊದಲ ಹಾರಾಟಗಳಲ್ಲಿ ನಡೆದ ಒಂದು ಸಂಗತಿ ನಿಮಗೆ ಉಪಯೋಗಕ್ಕೆ ಬರುತ್ತದೆ. ಮೊದಲ ಎರಡು ಬಲೂನುಗಳು ಸರಿಯಾಗಿಯೇ ಏರಿದವು, ರಾಕೆಟ್ಟುಗಳು ಮಾತ್ರ ಹೊತ್ತಲಿಲ್ಲ. ಚಳಿಗೆ ಹೊತ್ತಿಸುವ ಗಡಿಯಾರ ನಿಂತುಹೋಗಿರಬೇಕೆಂದು ಊಹಿಸಿ, ಮೂರನೆಯದಕ್ಕೆ ಅವರು ಕಿತ್ತಳೆ ರಸದ ಡಬ್ಬಿಗಳನ್ನು ಬಿಸಿ ಮಾಡಿ ಉಪಕರಣಗಳ ಪೆಟ್ಟಿಗೆಯೊಳಗೆ ಇಟ್ಟು ಮುಚ್ಚಿದರು. ಅದು ಹೊತ್ತಿತು. ನಮ್ಮ ತಲೆಯ ಮೇಲೆ ಆ ಚಳಿ ಇನ್ನೂ ಹೆಚ್ಚು: ಉಷ್ಣವಲಯದಲ್ಲಿ 16–17 ಕಿ.ಮೀ. ಎತ್ತರದಲ್ಲಿ ತಾಪಮಾನ ಸೊನ್ನೆಗಿಂತ 80 ಡಿಗ್ರಿ ಕೆಳಗೆ ಇಳಿಯುತ್ತದೆ. ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಏರುವ ಬಲೂನು 30 ಕಿ.ಮೀ. ಮುಟ್ಟಲು ಒಂದು ಗಂಟೆ ನಲವತ್ತು ನಿಮಿಷ ತೆಗೆದುಕೊಳ್ಳುತ್ತದೆ; ಅಷ್ಟು ಹೊತ್ತೂ ಮೋಟಾರು ತಣ್ಣಗಾಗುತ್ತಲೇ ಇರುತ್ತದೆ. ಘನ ಇಂಧನ ಲೋಹದ ಕೊಳವೆಗಿಂತ ಹೆಚ್ಚು ಕುಗ್ಗುತ್ತದೆ, ಗೋಡೆಗೆ ಅಂಟಿಸಿದ ಜಾಗದಲ್ಲಿ ಬಿಟ್ಟುಕೊಳ್ಳುತ್ತದೆ, ಇಲ್ಲವೇ ಕೂದಲೆಳೆಯಷ್ಟು ಸೀಳುತ್ತದೆ. ಶೀತಕೋಣೆಯಿಂದ ತೆಗೆದ ಇಂಧನದಲ್ಲಿ ಇಂಥ ಸೀಳು ಬರಿಗಣ್ಣಿಗೆ ಕಾಣದೆ ಎಕ್ಸ್-ರೇ ಚಿತ್ರದಲ್ಲಿ ಮಾತ್ರ ತೆಳ್ಳನೆಯ ಗೆರೆಯಾಗಿ ಕಾಣುವುದುಂಟು. ಹೊತ್ತಿಸಿದಾಗ ಬೆಂಕಿ ಆ ಸೀಳಿನೊಳಗೂ ನುಗ್ಗುತ್ತದೆ, ಉರಿಯುವ ಮೈ ಹೆಚ್ಚುತ್ತದೆ, ಒತ್ತಡ ಏರುತ್ತದೆ, ಕೊಳವೆ ಸಿಡಿಯುತ್ತದೆ. ಇದಕ್ಕೆ ಕಿತ್ತಳೆ ರಸ ಸಾಲದು. ಹೀಟರು, ಅದಕ್ಕೆ ಬ್ಯಾಟರಿ, ಬ್ಯಾಟರಿಗೆ ಹೊದಿಕೆ, ಒಂದೊಂದೂ ತೂಕ. ಇನ್ನೊಂದು ತೊಡಕೆಂದರೆ, ಒತ್ತಡವಿಲ್ಲದ ಜಾಗದಲ್ಲಿ ಹೊತ್ತಿಸಲು ಬಳಸುವ ಸಾಮಾನ್ಯ ಇಗ್ನೈಟರಿನ ಜ್ವಾಲೆ ಇಂಧನಕ್ಕೆ ಹತ್ತುವ ಮೊದಲೇ ಚದುರಿಹೋಗುತ್ತದೆ; ಮೋಟಾರಿನೊಳಗೆ ನೆಲದ ಗಾಳಿಯನ್ನೇ ಹಿಡಿದಿಡುವಂತೆ ನಾಜಲ್‌ನ ಬಾಯಿಗೆ ಒಡೆಯುವ ಮುಚ್ಚಳ ಹಾಕಬೇಕಾಗುತ್ತದೆ.

ಹೊತ್ತಿತು ಎಂದುಕೊಂಡರೂ, ಎತ್ತ ಹೊರಡುತ್ತದೆ ಎಂಬುದು ಚಳಿಗಿಂತ ಕಠಿಣವಾದ ಪ್ರಶ್ನೆ. ಹಗ್ಗದ ತುದಿಯಲ್ಲಿ ತೂಗುವ ಚೌಕಟ್ಟು ಲೋಲಕದಂತೆ ಓಲಾಡುತ್ತದೆ, ತನ್ನ ಸುತ್ತ ನಿಧಾನವಾಗಿ ತಿರುಗುತ್ತದೆ. ಅದರ ಮೇಲಿಂದ ಕಕ್ಷೆಗೆ ಗುರಿ ಇಡುವುದು ಜೋಕಾಲಿಯಲ್ಲಿ ಕುಳಿತು ಮರದ ತುದಿಯ ಮಾವಿನಕಾಯಿಗೆ ಕಲ್ಲು ಬೀಸಿದಂತೆ. ವ್ಯಾನ್ ಆಲೆನ್ ಅವರ ರಾಕೆಟ್ಟುಗಳು ಬಲೂನನ್ನೇ ಸೀಳಿಕೊಂಡು ನೇರ ಮೇಲೆ ಹೋಗುತ್ತಿದ್ದವು. ಕಕ್ಷೆಗೆ ಹೋಗುವ ರಾಕೆಟ್ ಓರೆಯಾಗಿ, ಒಂದು ನಿಖರವಾದ ದಿಕ್ಕಿಗೇ ಹೊರಡಬೇಕು. ಅಷ್ಟು ತೆಳು ಗಾಳಿಯಲ್ಲಿ, ಹೊರಟ ಕ್ಷಣದ ನಿಧಾನ ವೇಗದಲ್ಲಿ, ಬಾಲದ ರೆಕ್ಕೆಗಳು ಏನೂ ಮಾಡಲಾರವು. ಆದ್ದರಿಂದ ಹೊರಳಿಸಬಲ್ಲ ನಾಜಲ್ ಅಥವಾ ಅನಿಲದ ಚಿಮ್ಮುಗಳು, ಅವನ್ನು ನಡೆಸಲು ತಿರುವನ್ನು ಅಳೆಯುವ ಗೈರೊ ಮತ್ತು ಕಂಪ್ಯೂಟರು ಮೊದಲ ಕ್ಷಣದಿಂದಲೇ ಬೇಕು. ಬಲೂನಿನಿಂದ ಉಳಿದ ತೂಕದ ಒಂದು ಪಾಲನ್ನು ಇವು ಮರಳಿ ತಿಂದುಹಾಕುತ್ತವೆ.

ನಿಮ್ಮ ಪತ್ರದಲ್ಲಿ ಒಂದು ಸಾಲೂ ಇಲ್ಲದ, ಆದರೆ ಯಾವ ಅಧಿಕಾರಿಯಾದರೂ ಮೊದಲು ಕೇಳುವ ಪ್ರಶ್ನೆ ಒಂದಿದೆ: ಬೀಳುವುದು ಎಲ್ಲಿ? ಭೂಮಿಯ ತಿರುಗುವಿಕೆಯಿಂದ ನಮ್ಮ ಅಕ್ಷಾಂಶದಲ್ಲಿ ಪೂರ್ವಕ್ಕೆ ಹೊರಟವರಿಗೆ ಸೆಕೆಂಡಿಗೆ ಸುಮಾರು 450 ಮೀಟರ್ ವೇಗ ಪುಕ್ಕಟೆಯಾಗಿ ಸಿಗುತ್ತದೆ. ಆದರೆ ಪಾಂಡವಪುರದಿಂದ ಪೂರ್ವಕ್ಕೆ ಬಂಗಾಳ ಕೊಲ್ಲಿ ಮುನ್ನೂರು ಕಿ.ಮೀ.ಗೂ ಆಚೆ, ನಡುವೆ ಮಂಡ್ಯ, ರಾಮನಗರ, ತಮಿಳುನಾಡಿನ ಕೃಷ್ಣಗಿರಿ, ವೆಲ್ಲೂರು ಜಿಲ್ಲೆಗಳ ಜನವಸತಿ. ಉರಿದು ಮುಗಿದ ಹಂತಗಳು ಅಲ್ಲೆಲ್ಲೋ ಬೀಳುತ್ತವೆ. ಶ್ರೀಹರಿಕೋಟಾ ಸಮುದ್ರದಂಚಿನಲ್ಲಿರುವುದಕ್ಕೂ, ದಕ್ಷಿಣಕ್ಕೆ ಹೊರಡುವ ಚಿಕ್ಕ ರಾಕೆಟ್ಟುಗಳು ಶ್ರೀಲಂಕಾವನ್ನು ಬಳಸಿ ಹೋಗಬೇಕಾದ ಕಷ್ಟ ತಪ್ಪಿಸಲು ತಮಿಳುನಾಡಿನ ಕುಲಶೇಖರಪಟ್ಟಣಂನಲ್ಲಿ ಎರಡನೇ ಉಡಾವಣಾ ಕೇಂದ್ರ ಕಟ್ಟುತ್ತಿರುವುದಕ್ಕೂ ಇದೇ ಕಾರಣ. ಬಲೂನು ನಿಂತಲ್ಲಿ ನಿಲ್ಲುವುದೂ ಇಲ್ಲ. ಮುಂಗಾರಿನ ತಿಂಗಳುಗಳಲ್ಲಿ ದಕ್ಷಿಣ ಭಾರತದ ಮೇಲೆ 14–16 ಕಿ.ಮೀ. ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಸೆಕೆಂಡಿಗೆ 30 ಮೀಟರಿಗೂ ಮೀರಿ ಬೀಸುವ ಗಾಳಿಯ ಹೊಳೆ ಇರುತ್ತದೆ. ಆಗ ನಿಮ್ಮ ಗದ್ದೆಯಿಂದ ಬಿಟ್ಟ ಬಲೂನು ಕೊಡಗಿನತ್ತ ಸಾಗುತ್ತದೆ. ರಾಕೆಟ್ ಹೊತ್ತದೆ ಹೋದರೆ ಇಂಧನ ತುಂಬಿದ ಕೊಳವೆ ಪ್ಯಾರಾಶೂಟಿನಲ್ಲಿ ನಾಗರಹೊಳೆಯಲ್ಲೋ ಹುಣಸೂರಿನ ಹೊಗೆಸೊಪ್ಪಿನ ಹೊಲದಲ್ಲೋ ಇಳಿಯುತ್ತದೆ, ಅದನ್ನು ಮೊದಲು ಮುಟ್ಟುವವರು ನೀವಾಗಿರುವುದಿಲ್ಲ. 2025ರ ಜನವರಿಯಲ್ಲಿ ಹೈದರಾಬಾದಿನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ಕೇಂದ್ರದಿಂದ ಹೊರಟ ಸಂಶೋಧನಾ ಬಲೂನೊಂದು ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಹಳ್ಳಿಯಲ್ಲಿ ಇಳಿದಾಗ ಜನ ಗಾಬರಿಯಾಗಿದ್ದು ಸುದ್ದಿಯಾಗಿತ್ತು. ಅದರಲ್ಲಿ ಇದ್ದದ್ದು ಉಪಕರಣಗಳು ಮಾತ್ರ.

ಅನುಮತಿಯ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. 2023ರ ಭಾರತೀಯ ಬಾಹ್ಯಾಕಾಶ ನೀತಿಯ ಪ್ರಕಾರ ಖಾಸಗಿಯವರ ರಾಕೆಟ್ ಉಡಾವಣೆಗೆ, ಅದು ಕಕ್ಷೆ ಸೇರದ ಹಾರಾಟವಾದರೂ, ಅಹಮದಾಬಾದಿನ ಇನ್-ಸ್ಪೇಸ್ ಸಂಸ್ಥೆಯ ಅಧಿಕೃತ ಒಪ್ಪಿಗೆ ಬೇಕು. ಈ ನೀತಿಗೂ ಮೊದಲು, 2022ರ ನವೆಂಬರಿನಲ್ಲಿ, ಸ್ಕೈರೂಟ್ ಕಂಪನಿಯ ವಿಕ್ರಮ್-ಎಸ್ ರಾಕೆಟ್ ಹಾರಿದ್ದೂ ಇನ್-ಸ್ಪೇಸ್ ಒಪ್ಪಿಗೆ ಪಡೆದೇ. ಈ ಬಿಗಿಗೆ ಕಾರಣವಿದೆ: 1972ರ ಅಂತರರಾಷ್ಟ್ರೀಯ ಒಪ್ಪಂದದಂತೆ ನಮ್ಮ ನೆಲದಿಂದ ಹೊರಟ ಬಾಹ್ಯಾಕಾಶ ವಸ್ತು ಬೇರೆ ದೇಶದ ನೆಲದ ಮೇಲೆ ಬಿದ್ದು ಹಾನಿಯಾದರೆ ಪರಿಹಾರದ ಹೊಣೆ ಭಾರತ ಸರ್ಕಾರದ್ದು. ಬಲೂನಿಗೆ ನಾಗರಿಕ ವಿಮಾನಯಾನ ನಿರ್ದೇಶನಾಲಯ, ವಾಯು ಸಂಚಾರ ನಿಯಂತ್ರಣ ಮತ್ತು ವಾಯುಪಡೆಯ ಒಪ್ಪಿಗೆ ಪ್ರತ್ಯೇಕ. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣ ಹತ್ತಿರದಲ್ಲಿದೆ, ಬೆಂಗಳೂರಿಗೆ ಬಂದುಹೋಗುವ ವಿಮಾನಗಳು ನಿಮ್ಮ ನೆತ್ತಿಯ ಮೇಲೆ ಹಾದುಹೋಗುತ್ತವೆ, ಕೆಆರ್‌ಎಸ್ ಅಣೆಕಟ್ಟೆ ಕೂಗಳತೆಯಲ್ಲಿದೆ. ಕಬ್ಬಿಣದ ಕೊಳವೆಯ ಮೈಸೂರು ರಾಕೆಟ್ಟುಗಳ ಇತಿಹಾಸ ನಿಜವಾದದ್ದೇ, ಹೆಮ್ಮೆಪಡುವಂಥದ್ದೇ. ಆದರೆ ಅರ್ಜಿಯ ಜೊತೆ ಲಗತ್ತಿಸಲು ಅದು ಬರುವುದಿಲ್ಲ.

ಇನ್ನು ನೀವು ಏನು ಮಾಡಬಹುದು ಎಂಬುದು. ನನಗೆ ಕಾಣುವಂತೆ ನಿಮ್ಮ ಮುಂದೆ ಇರುವ ಅತ್ಯುತ್ತಮ ಕೆಲಸ ಬಲೂನನ್ನು ಉಳಿಸಿಕೊಂಡು ಇಂಧನವನ್ನು ಬಿಡುವುದು. ಮೂರು ಕೆ.ಜಿ.ಯೊಳಗಿನ ಪೆಟ್ಟಿಗೆಯೊಂದರಲ್ಲಿ, ಇಂಧನದ ಜಾಗಕ್ಕೆ ಅದೇ ರೀತಿ ಕುಗ್ಗುವ ನಿರಪಾಯಕಾರಿ ರಬ್ಬರ್ ತುಂಬಿದ ಪುಟ್ಟ ಮೋಟಾರಿನ ಮಾದರಿ, ಅದರ ಒಳಗೂ ಹೊರಗೂ ತಾಪಮಾನದ ಸಂವೇದಕಗಳು, ಒಂದು ಗೈರೊ, ಒಂದು ಕ್ಯಾಮೆರಾ ಇಟ್ಟು ಕಳಿಸಿ. ಚೌಕಟ್ಟು ಯಾವ ಎತ್ತರದಲ್ಲಿ ಎಷ್ಟು ಓಲಾಡುತ್ತದೆ, ಸೆಕೆಂಡಿಗೆ ಎಷ್ಟು ಡಿಗ್ರಿ ತಿರುಗುತ್ತದೆ, ಕೊಳವೆಯ ನಡುಭಾಗ ಎಷ್ಟು ಹೊತ್ತಿಗೆ ಎಷ್ಟು ತಣ್ಣಗಾಗುತ್ತದೆ, ಇವು ಬಲೂನು ರಾಕೆಟ್ಟಿನ ವಿನ್ಯಾಸಕ್ಕೆ ಮೊದಲು ಬೇಕಾದ ಅಂಕಿಗಳು. ಅಂತರರಾಷ್ಟ್ರೀಯ ವೈಮಾನಿಕ ನಿಯಮಗಳು 4 ಕೆ.ಜಿ.ಗಿಂತ ಕಡಿಮೆ ಹೊರೆಯ ಬಲೂನುಗಳನ್ನು ಹಗುರ ವರ್ಗದಲ್ಲಿ ಇಡುತ್ತವೆ. ಒಪ್ಪಿಗೆ ಆಗಲೂ ಬೇಕು, ಆದರೆ ಕಾಲೇಜಿನ ಮೂಲಕ ಕೇಳಿದರೆ ಸಿಗುವ ಸಾಧ್ಯತೆ ಇರುತ್ತದೆ. ಮುಂಗಾರು ಕಳೆದು ಚಳಿಗಾಲ ಬರಲಿ, ನಸುಕಿನಲ್ಲಿ ಎಲೆ ಅಲುಗದ ಹೊತ್ತಿಗೆ ತುಂಬಿಸಿ. ಹವಾಮಾನ ಇಲಾಖೆ ಬೆಂಗಳೂರು ಮತ್ತು ಮಂಗಳೂರಿನಿಂದ ಬಿಡುವ ಬಲೂನುಗಳ ಗಾಳಿಯ ಮಾಹಿತಿಯಿಂದ ಇಳಿಯುವ ಜಾಗವನ್ನು ಹಿಂದಿನ ದಿನವೇ ಅಂದಾಜು ಮಾಡಿ. ಸಾಮಾನ್ಯ ಜಿಪಿಎಸ್ ಮಾಡ್ಯೂಲುಗಳಲ್ಲಿ ಹಲವು 18 ಕಿ.ಮೀ. ಮೇಲೆ ಸ್ಥಾನ ಹೇಳುವುದನ್ನು ನಿಲ್ಲಿಸುತ್ತವೆ, ಹೆಚ್ಚು ಎತ್ತರದ ವಿಧಾನ ಇರುವುದನ್ನೇ ಕೊಳ್ಳಿ. ಮೊಬೈಲ್ ಸಿಮ್‌ನ ಟ್ರ್ಯಾಕರ್ ಮೇಲೆ ಕೆಲಸ ಮಾಡದು. ಪರವಾನಗಿ ಬೇಡದ 865–868 ಮೆಗಾಹರ್ಟ್ಸ್‌ನ, ಕಡಿಮೆ ವಿದ್ಯುತ್ತಿನಲ್ಲಿ ದೂರ ಮುಟ್ಟುವ ಲೋರಾ ರೇಡಿಯೊ ಬಳಸಿ. ಇದರಲ್ಲಿಯೂ ಅಪಾಯ ಇಲ್ಲವೆಂದಲ್ಲ. ಪ್ಯಾರಾಶೂಟ್ ಬಿಚ್ಚದಿದ್ದರೆ ಮೂರು ಕೆ.ಜಿ. ಪೆಟ್ಟಿಗೆ ಯಾರದಾದರೂ ಹೆಂಚಿನ ಮೇಲೆ ಬೀಳಬಹುದು, ಕೆರೆಗೆ ಬಿದ್ದರೆ ಮಾಹಿತಿಯೆಲ್ಲ ಹೋಗಬಹುದು. ಪೆಟ್ಟಿಗೆಯ ಮೇಲೆ ಕಾಲೇಜಿನ ಹೆಸರು, ಫೋನ್ ಸಂಖ್ಯೆ, ‘ಅಪಾಯವಿಲ್ಲ, ದಯವಿಟ್ಟು ಕರೆ ಮಾಡಿ’ ಎಂಬ ಸಾಲನ್ನು ಕನ್ನಡದಲ್ಲಿ ದಪ್ಪವಾಗಿ ಬರೆಯಿರಿ.

ನಿಮ್ಮ ಮನಸ್ಸು ರಾಕೆಟ್ಟಿನ ಮೇಲೆಯೇ ಇದ್ದರೆ, ಇನ್-ಸ್ಪೇಸ್ ಆಶ್ರಯದ ಮಾದರಿ ರಾಕೆಟ್ ಮತ್ತು ಕ್ಯಾನ್‌ಸ್ಯಾಟ್ (ಡಬ್ಬಿ ಗಾತ್ರದ ಉಪಗ್ರಹ ಮಾದರಿ) ವಿದ್ಯಾರ್ಥಿ ಸ್ಪರ್ಧೆಗಳಿವೆ. ಅಲ್ಲಿ ಮೋಟಾರನ್ನು ನೀವು ಬೇಯಿಸಬೇಕಿಲ್ಲ, ಹಾರಿಸುವ ಮೈದಾನವೂ ಕಾವಲಿನಲ್ಲಿರುತ್ತದೆ. ಕಕ್ಷೆಯ ಮೇಲೆಯೇ ಇದ್ದರೆ, ಪಿಎಸ್‌ಎಲ್‌ವಿಯ ಕೊನೆಯ ಹಂತವನ್ನು ಕಕ್ಷೆಯಲ್ಲೇ ಪ್ರಯೋಗಾಲಯವಾಗಿ ಬಳಸುವ ಪೊಯೆಮ್ ವೇದಿಕೆಯಲ್ಲಿ ಕಾಲೇಜುಗಳ ಉಪಕರಣಗಳೂ ಹಾರಿವೆ. ಅದಕ್ಕೆ ಕಾಯುವ ಅವಧಿ ದೀರ್ಘ, ಕಂಪನ ಮತ್ತು ನಿರ್ವಾತ ಪರೀಕ್ಷೆಗಳು ಕಟ್ಟುನಿಟ್ಟು. ನಿಮ್ಮ ಅಂತಿಮ ವರ್ಷದೊಳಗೆ ಮುಗಿಯುವ ಕೆಲಸವಲ್ಲ, ಜೂನಿಯರುಗಳಿಗೆ ದಾಟಿಸಿ ಹೋಗಬೇಕಾಗುತ್ತದೆ. ಬಲೂನು ರಾಕೆಟ್ಟನ್ನೇ ಕಂಪನಿಯಾಗಿ ಕಟ್ಟುವ ಆಸೆ ಮುಂದೆಯೂ ಉಳಿದರೆ, ಕಕ್ಷೆಯ ಮಾತು ಬಿಟ್ಟು ಮೇಲ್ಪದರದ ವಾತಾವರಣ ಅಳೆಯುವ ನೇರ ಹಾರಾಟಗಳಿಂದ, ಅದೂ ಸಮುದ್ರದ ಮೇಲೆ ಹಡಗಿನಿಂದ, ಶುರುಮಾಡಿ. ಅಂಥ ಅಳತೆಗಳನ್ನು ದುಡ್ಡು ಕೊಟ್ಟು ಕೇಳುವವರು ಕೆಲವರೇ, ಹಡಗಿನ ಬಾಡಿಗೆಯಂತೂ ಚಿಕ್ಕದಲ್ಲ ಎಂಬುದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಮಾವನವರ ಹಣದ ಬಗ್ಗೆ: ಈಗಿನ ಯೋಜನೆಗೆ ಅವರಿಂದ ಒಂದು ರೂಪಾಯಿಯನ್ನೂ ತೆಗೆದುಕೊಳ್ಳಬೇಡಿ, ತೆಗೆದುಕೊಂಡಿದ್ದರೆ ಮರಳಿಸಿ, ಕಾರಣವನ್ನೂ ಈ ಲೆಕ್ಕ ತೋರಿಸಿಯೇ ಹೇಳಿ. ರಬ್ಬರ್ ಬಲೂನು, ಅನಿಲ ಮತ್ತು ಸಂವೇದಕಗಳ ಹಾರಾಟದ ಖರ್ಚು ಕಾಲೇಜಿನ ಪ್ರಾಜೆಕ್ಟ್ ನಿಧಿಯಿಂದ ನಿಭಾಯಿಸುವಂಥದ್ದು. ಅವರ ಗದ್ದೆಯನ್ನು ಬೇಕಾದರೆ ಕೇಳಿ, ಕೊಯ್ಲು ಮುಗಿದ ಮೇಲೆ, ವಿದ್ಯುತ್ ತಂತಿ ಹಾದುಹೋಗದ ಮಗ್ಗುಲನ್ನು ಆರಿಸಿಕೊಂಡು. ಅದಕ್ಕೂ ಮೊದಲು ನಿಮ್ಮ ಮಾರ್ಗದರ್ಶಕರ ಮತ್ತು ಪ್ರಾಂಶುಪಾಲರ ಸಹಿಯಿರುವ ಪತ್ರ ಸಿದ್ಧವಾಗಿರಲಿ. ವಾಯು ಸಂಚಾರ ನಿಯಂತ್ರಣದವರು ವಿದ್ಯಾರ್ಥಿಗಳ ಹೆಸರಿನಲ್ಲಿ ಬಂದ ಅರ್ಜಿಯನ್ನು ಸಾಮಾನ್ಯವಾಗಿ ಮುಂದಕ್ಕೆ ಕಳಿಸುವುದಿಲ್ಲ.